ಬಿಡಾರಕ್ಕೆ ಹೋದ ಮಿಕ್ಸಿ

ನನ್ನದು ಕಾಫಿಪುಡಿ ಅಂಗಡಿ. ಬೀಜ ಬೀಸುವ ಯಂತ್ರ ಒಂದಿದೆ, ನಮ್ಮ ಯಜಮಾನರು ಇದ್ದಾಗ ಕೊಂಡದ್ದು. ಗಟ್ಟಿ ಮಾಲು, ಈವರೆಗೆ ಒಂದು ಸಲವೂ ಕೆಟ್ಟು ಕೂತಿಲ್ಲ. ಆದರೆ ಪಕ್ಕದಂಗಡಿಯಲ್ಲಿ ಯಾರಾದರೂ ದನಿ ತಗ್ಗಿಸಿ ಮಾತು ಶುರು ಮಾಡಿದರೆ ಸಾಕು, ಬೀಸುತ್ತಿದ್ದದ್ದು ತಾನಾಗಿ ನಿಂತುಬಿಡುತ್ತದೆ. ಅಲ್ಲಿ ಮಾತು ಮುಗಿದ ಮೇಲೆ ಇಲ್ಲಿ ಮತ್ತೆ ಹೊರಡುತ್ತದೆ. ಗಿರಾಕಿಗಳು ನನ್ನ ಮುಖ ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ಇಷ್ಟು ವರ್ಷ ನನ್ನ ಜೊತೆ ಇದ್ದ ಯಂತ್ರ ಬೇರೆ ಇನ್ನೇನು ಕಲಿತೀತು? ಹಾಗಾಗಿ ಈ ಕಥೆ ನನಗೆ ಹೇಗೆ ಗೊತ್ತು ಎಂದು ಯಾರೂ ಕೇಳಬೇಕಾಗಿಲ್ಲ.

ನಮ್ಮೂರಲ್ಲಿ ಯಂತ್ರಗಳು ತಾವಿರುವ ಮನೆಯ ಗುಣ ಹಿಡಿಯುತ್ತವೆ. ನೀರಿನಿಂದ ಹಾಗೆ ಎನ್ನುವವರಿದ್ದಾರೆ, ಕರೆಂಟಿನಿಂದ ಎನ್ನುವವರಿದ್ದಾರೆ. ನಾವು ಅದರ ಗೋಜಿಗೆ ಹೋಗುವುದಿಲ್ಲ. ಫೋನಿಗೋ ಟಿವಿಗೋ ಹೊಸ ಗುಣವೊಂದು ಬೇಕಾದರೆ ಬೇರೆ ಊರಿನವರ ಹಾಗೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದಿಲ್ಲ. ಆ ಗುಣ ಇರುವವರ ಮನೆಯಲ್ಲಿ ಒಂದಷ್ಟು ದಿನ ಬಿಟ್ಟು ಬರುತ್ತೇವೆ. ಇದಕ್ಕೆ ಬಿಡಾರಕ್ಕೆ ಕಳಿಸುವುದು ಎಂದು ಹೆಸರು. ಅಲ್ಲಿಂದ ಕಲಿತು ಬಂದದ್ದಕ್ಕೆ ಕೊಸರು ಎನ್ನುತ್ತೇವೆ, ತರಕಾರಿಯವಳು ತೂಕ ಮುಗಿದ ಮೇಲೆ ಹಾಕುತ್ತಾಳಲ್ಲ, ಹಾಗೆ. ಬಿಡಾರ ಕೊಟ್ಟ ಮನೆಯವರು ಯಂತ್ರವನ್ನು ಬರಿಗೈಯಲ್ಲಿ ವಾಪಸು ಕಳಿಸಬಾರದು. ಜೊತೆಗೆ ಒಂದು ಹಿಡಿ ಕಡಲೆಯಾದರೂ ಇಡಬೇಕು. ಯಂತ್ರದವರು, ಕೇಳಿದ ಕೊಸರಿನ ಜೊತೆ ಕೇಳದ್ದು ಏನಾದರೂ ಬಂದಿದ್ದರೆ ಅದರ ಬಗ್ಗೆ ತುಟಿ ಬಿಚ್ಚಬಾರದು. ಊರಿಗೆಲ್ಲ ಗುಡುಗುವ ವಕೀಲರೊಬ್ಬರ ಮನೆಯಿಂದ ಬಂದ ಫೋನು, ಹೆಂಗಸರ ದನಿ ಕೇಳಿದೊಡನೆ ಸದ್ದು ತಗ್ಗಿಸಿಕೊಂಡು ಸುಮ್ಮನೆ ನಡುಗುತ್ತಿತ್ತು. ನೋಡಿದವರೆಲ್ಲ ಮಳೆ ಬರುವ ಹಾಗಿದೆ ಎಂದು ಆಕಾಶ ನೋಡಿದರು.

ಯಾವ ಯಂತ್ರವನ್ನು ಯಾರ ಮನೆಗೆ ಬಿಡಬೇಕು ಎನ್ನುವುದನ್ನು ಹೇಳುವವನು ಪಕ್ಕದಂಗಡಿಯ ಶಾಂತರಾಜ. ಹೆಸರಿಗೆ ಫೋನ್ ರಿಪೇರಿ ಅಂಗಡಿ, ನಡೆಯುವುದೆಲ್ಲ ಸಲಹೆ. ಬ್ಯಾಟರಿ ಬೇಗ ಮುಗಿಯುತ್ತದೆಯೇ? ಪಿಂಚಣಿದಾರ ಜೋಯಿಸರ ಮನೆಗೆ ಬಿಡಿ, ಅವರು ಒಂದು ಬೀಡಿಯನ್ನು ಇಡೀ ದಿನಕ್ಕೆ ಎಳೆಯುವವರು. ಫೋಟೋ ಮಸುಕಾಗಿ ಬರುತ್ತದೆಯೇ? ಬಳೆ ಅಂಗಡಿಯವಳ ಹತ್ತಿರ ಬಿಡಿ, ದೂರದಿಂದಲೇ ಮುಂಗೈ ನೋಡಿ ಅಳತೆ ಹೇಳುತ್ತಾಳೆ. ಟೈಪ್ ಮಾಡುವಾಗ ಮುಂದಿನ ಪದ ಫೋನಿಗೆ ಹೊಳೆಯುವುದಿಲ್ಲವೇ? ಗಂಡನ ವಾಕ್ಯವನ್ನು ತಾನೇ ಮುಗಿಸುವ ಹೆಂಡತಿ ಯಾವ ಬೀದಿಯಲ್ಲಿ ತಾನೇ ಇಲ್ಲ? ಕಂಪನಿಯ ಕಡೆಯಿಂದ ಬಂದ ಮೆಕ್ಯಾನಿಕ್ಕುಗಳು ಕೈಚೆಲ್ಲಿ ಹೋದ ವಾಚು, ಸ್ಪೀಕರು, ಟ್ಯಾಬುಗಳನ್ನೆಲ್ಲ ಶಾಂತರಾಜ ಬರೀ ವಿಳಾಸ ಹೇಳಿ ಸರಿಮಾಡಿದ್ದಾನೆ. ಅವನಿಗೆ ಇದು ಹೊಟ್ಟೆಪಾಡಿಗಿಂತ ಹೆಚ್ಚಾಗಿ ಹುಚ್ಚು. ಅವನ ಸ್ವಂತ ಫೋನು ಊರೆಲ್ಲ ಬಿಡಾರ ಸುತ್ತಿ ಬಂದು, ಪೋಸ್ಟ್‌ಮ್ಯಾನ್ ಹಾಗೆ ದಾರಿ ಹೇಳುತ್ತದೆ, ದಾದಿಯ ಹಾಗೆ ಮೆತ್ತಗೆ ಎಬ್ಬಿಸುತ್ತದೆ.

ತಾನು ಮಿತಭಾಷಿ ಎಂದು ಶಾಂತರಾಜನಿಗೆ ಹೆಮ್ಮೆ. "ನೋಡಿ ಪುಟ್ಟತಾಯಕ್ಕ, ಸಲಹೆ ಕೊಡೋನು ಜಾಸ್ತಿ ಮಾತಾಡಬಾರದು" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾನೋ. ಚುಟುಕಾಗಿ ಹೇಳುತ್ತಾನೆ, ಕೈ ಮುಗಿಯುತ್ತಾನೆ, ಸರಿ. ಆದರೆ ಗಿರಾಕಿ ಎದ್ದು, ಚಪ್ಪಲಿ ಮೆಟ್ಟಿ, ಒಂದು ಕಾಲು ಬೀದಿಗಿಟ್ಟಾಗ ಒಳಗಿಂದ ಕೂಗು ಬರುತ್ತದೆ. "ಆಂ, ಇನ್ನೊಂದು ವಿಷಯ. ಆ ಫೋನಿನ ಕವರ್ ಬಣ್ಣ ನಿಮಗೆ ಒಪ್ಪಲ್ಲ. ಬೇಜಾರ್ ಮಾಡ್ಕೋಬೇಡಿ, ಹೇಳ್ದೆ ಅಷ್ಟೆ." ನಮ್ಮ ಬೀದಿಗೆ ಇದು ಮಗ್ಗಿಯ ಹಾಗೆ ಬಾಯಿಪಾಠ. ಹಳೆಯ ಗಿರಾಕಿಗಳು ಮೆಟ್ಟಿಲ ಮೇಲೆ ನಿಂತು, ಅದನ್ನೂ ಇಸಿದುಕೊಂಡೇ ಹೋಗುತ್ತಾರೆ.

ಶಾಂತರಾಜ ಮನೆ ಅಳಿಯ. ಮದುವೆಯಾದ ದಿನದಿಂದ ಅತ್ತೆ ಮರುದೇವಮ್ಮನ ಮನೆಯಲ್ಲೇ ಇದ್ದವನು. ಹೆಂಡತಿ ಸುಪ್ರಭೆ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಇವನು ಅಂಗಡಿ ತೆರೆಯುವ ಹೊತ್ತಿಗೆ ಅವಳು ಗ್ರಂಥಾಲಯದ ಬೀಗ ತೆಗೆಯಬೇಕು, ಹಾಗಾಗಿ ಅಂಗಡಿಯ ಮೆಟ್ಟಿಲು ಅವಳು ಹತ್ತಿದ್ದೇ ಕಡಿಮೆ. ಮನೆಯಲ್ಲಿ ಮಾತಿನ ಪಾರುಪತ್ಯವೆಲ್ಲ ಅತ್ತೆಯದು. ಆಕೆ ಬದುಕಿರುವತನಕ ಶಾಂತರಾಜ ಆ ಮನೆಯೊಳಗೆ ಆಡಿದ ಮಾತು ಒಂದೇ: "ಸರಿ ಅತ್ತೆ."

ಮರುದೇವಮ್ಮ ಕೆಟ್ಟವರಲ್ಲ. ಊಟಕ್ಕೆ ಕೂರಿಸಿದರೆ ಬೇಡ ಬೇಡ ಎಂದರೂ ಬಡಿಸುವವರು. ಆದರೆ ಆಕೆಯ ಮಾತು ಮುಗಿಯಿತು ಎಂದು ನಂಬುವ ಹಾಗಿರಲಿಲ್ಲ. "ಸರಿ, ಮಲಗಿ ಅಳಿಯಂದ್ರೇ" ಎಂದು ದೀಪ ಆರಿಸಿ ಹೋದವರು ಬಾಗಿಲಿಂದ ಹಿಂದೆ ತಿರುಗುತ್ತಿದ್ದರು. "ಇನ್ನೊಂದು ಮಾತು. ನೀವು ತಂದ ಬದನೆಕಾಯಲ್ಲಿ ಹುಳ ಇತ್ತು. ಬೇಜಾರ್ ಮಾಡ್ಕೋಬೇಡಿ, ಹೇಳ್ದೆ ಅಷ್ಟೆ." ಹೋದ ವರ್ಷ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೋಗಿ ಬರ್ತೀನಿ ಎಂದು ಹೇಳಿ ಕಣ್ಣು ಮುಚ್ಚಿದವರು, ನರ್ಸು ಹೊದಿಕೆ ಎಳೆಯಲು ಬಂದಾಗ ಮತ್ತೆ ಕಣ್ಣು ತೆರೆದು, "ಇನ್ನೊಂದು ಮಾತು, ಅಟ್ಟದ ಮೇಲೆ ಉಪ್ಪಿನಕಾಯಿ ಇದೆ, ಅದನ್ನ ತಿರುವಿಡಿ" ಎಂದು ಹೇಳಿಯೇ ಹೋದರು.

ಆಕೆಯ ಅಡುಗೆಮನೆಯಲ್ಲಿದ್ದ ಮಿಕ್ಸಿ ಆಕೆಯ ಗುಣವನ್ನೇ ಹಿಡಿದಿತ್ತು. ಚಟ್ನಿ ನುಣ್ಣಗಾದ ಮೇಲೆ ಗುಂಡಿ ತಿರುಗಿಸಿ ನಿಲ್ಲಿಸುತ್ತೀರಿ. ನಿಲ್ಲುತ್ತದೆ. ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ತಾನಾಗಿ ಇನ್ನೊಂದು ಸಲ, ಸಣ್ಣಗೆ, "ಗುರ್" ಎನ್ನುತ್ತದೆ. ಆಮೇಲೆ ನಿಜವಾಗಿ ಸುಮ್ಮನಾಗುತ್ತದೆ. ಅಮ್ಮ ಹೋದ ಮೇಲೆ ಸುಪ್ರಭೆಗೆ ಆ ಗುರ್ ಒಂದು ಕೇಳಿದರೆ ದಿನ ಶುರುವಾಗುತ್ತಿತ್ತು. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸು ಹಾಕಿ ಅರೆದು, ನಿಲ್ಲಿಸಿ, ಮುಚ್ಚಳ ಮುಟ್ಟದೆ ಕಾಯುತ್ತಿದ್ದಳು. ಗುರ್ ಎಂದ ಮೇಲೆ "ಆಯ್ತು ಕಣಮ್ಮ" ಎಂದು ತೆಗೆಯುತ್ತಿದ್ದಳು.

ಶಾಂತರಾಜನಿಗೆ ಅದೇ ಗುರ್ ಕಂಡರಾಗದು. ರಿಪೇರಿಯವನಾಗಿ ತನ್ನ ಮನೆಯ ಮಿಕ್ಸಿ ನಿಲ್ಲಿಸಿದರೂ ನಿಲ್ಲುವುದಿಲ್ಲವಲ್ಲ ಎನ್ನುವುದು ಅವನು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದ ನೆವ. ನಿಜವಾದ ಕಾರಣ ಬೇರೆ. ಪೇಪರು ಓದುತ್ತಾ ಕೂತಿದ್ದಾಗ ಅಡುಗೆಮನೆಯಿಂದ ಗುರ್ ಕೇಳಿದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು, ಬಾಯಿ ತಾನಾಗಿ "ಸರಿ ಅತ್ತೆ" ಎನ್ನುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಗಂಡಸು ಮಿಕ್ಸಿಗೆ ಹೆದರುವುದೆಂದರೆ ಅವನಿಗೆ ನಾಚಿಕೆ. ಆಕೆ ಇದ್ದಾಗ ಸಹಿಸಿದ್ದಾಯಿತು, ಹೋದ ಮೇಲೂ ಹೇಳಿಸಿಕೊಳ್ಳಬೇಕೇ ಎಂದು ಸಿಟ್ಟು.

ಸುಪ್ರಭೆ ಗ್ರಂಥಾಲಯದ ಕೆಲಸಕ್ಕೆ ಕೆಲವು ದಿನ ಜಿಲ್ಲಾ ಕಚೇರಿಗೆ ಹೋಗಬೇಕಾಗಿ ಬಂತು. ಅವಳನ್ನು ಬಸ್ಸು ಹತ್ತಿಸಿ ಬಂದವನೇ ಮಿಕ್ಸಿಯನ್ನು ಚೀಲಕ್ಕೆ ತುಂಬಿ ಆರಾಧ್ಯ ಮೇಷ್ಟ್ರ ಮನೆಗೆ ಹೊತ್ತ. ಮೇಷ್ಟ್ರು ನಿವೃತ್ತರು. ಮಾತು ಮುಗಿಸಿದರೆ ಬಾಯನ್ನು ಪೆಟ್ಟಿಗೆಯ ಹಾಗೆ ಮುಚ್ಚುವವರು. ಬಂದವರಿಗೆ "ಕೂತ್ಕೊಳ್ಳಿ" ಎಂದರೆ ಆ ದಿನದ ಮಾತು ಮುಗಿಯಿತು. ಬಿಡಾರ ಮುಗಿದ ದಿನ ಅವರ ಹೆಂಡತಿ ಜಾರ್ ತುಂಬ ಚಟ್ನಿಪುಡಿ ಹಾಕಿ ಕಳಿಸಿದರು. ಶಾಂತರಾಜ ಮನೆಗೆ ತಂದು ತಿರುಗಿಸಿ ನೋಡಿದ. ನಿಲ್ಲಿಸಿದ. ನಿಂತಿತು. ಕಿವಿಯಿಟ್ಟು ಕಾದ. ಏನೂ ಇಲ್ಲ. ಅವತ್ತು ಅಂಗಡಿಗೆ ಬಂದವನು ನನಗೆ ಒಂದು ಕಾಫಿ ತರಿಸಿಕೊಟ್ಟ.

ಸುಪ್ರಭೆ ವಾಪಸು ಬಂದ ಬೆಳಿಗ್ಗೆ ದೋಸೆಗೆ ಚಟ್ನಿ ಅರೆದಳು. ಗುಂಡಿ ತಿರುಗಿಸಿ ನಿಲ್ಲಿಸಿ, ಕೈ ಕಟ್ಟಿ ನಿಂತಳು. ನಿಂತೇ ಇದ್ದಳು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ಆಮೇಲೆ ಹೊರಗೆ ಬಂದು ಪೇಪರಿನ ಹಿಂದೆ ಅವಿತಿದ್ದ ಗಂಡನನ್ನು ಕೇಳಿದಳು.

"ರೀ, ನಮ್ಮಮ್ಮನ್ನ ಎಲ್ಲಿ ಬಿಟ್ಟು ಬಂದ್ರಿ?"

ಶಾಂತರಾಜ ನನಗೆ ಇದನ್ನು ಹೇಳುವಾಗ ಅವನ ದನಿ ಬಿದ್ದುಹೋಗಿತ್ತು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದನಂತೆ. ಅವಳು ಕೂಗಾಡಲಿಲ್ಲ. ಮಿಕ್ಸಿಯನ್ನು ಗೋಡೆಗೆ ಮುಖ ಮಾಡಿ ಅಟ್ಟಣೆಯ ಮೇಲಿಟ್ಟಳು. ಹಿತ್ತಲಿನ ಒರಳುಕಲ್ಲು ತೊಳೆದು ಅದರಲ್ಲಿ ರುಬ್ಬಲು ಕೂತಳು. ಊಟಕ್ಕೆ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು, ಅದರಾಚೆ ಮಾತಿಲ್ಲ. "ಇರೋದು ಅದೊಂದೇ ಇತ್ತು" ಎಂದು ಮಾತ್ರ ಒಮ್ಮೆ ಅಂದಳಂತೆ. ಫೋಟೋದಲ್ಲಿ ಅಮ್ಮ ಬಾಯಿ ಬಿಗಿದು ಕೂತಿದ್ದಾರೆ. ಯಾರದೋ ಅಮ್ಮನ ಹಾಗೆ ಕಾಣುತ್ತದೆ. ಅಮ್ಮನ ಹಾಗೆ ಇದ್ದದ್ದು ಆ ಗುರ್ ಒಂದೇ. ಅದನ್ನು ಇವನು ಕೆಟ್ಟ ಗುಣ ಎಂದು ಬಿಡಿಸಿಕೊಂಡು ಬಂದಿದ್ದ.

"ಅದಕ್ಕೇನು, ವಾಪಸ್ ಕಲಿಸಿದರಾಯ್ತು" ಎಂದೆ ನಾನು.

"ಹೌದಲ್ಲ ಅಕ್ಕ" ಎಂದು ಶಾಂತರಾಜ ಎದೆಯುಬ್ಬಿಸಿದ. "ಯಾರ ಮನೆಗೆ ಏನು ಬಿಡಬೇಕು ಅಂತ ನನಗೆ ಯಾರಾದ್ರೂ ಹೇಳಿಕೊಡಬೇಕಾ?"

ಮೊದಲು ಹಾಲಿನ ಡೈರಿಯ ರುದ್ರಮ್ಮನ ಮನೆಗೆ ಬಿಟ್ಟ. ಊರಿನಲ್ಲಿ ಆಕೆಗಿಂತ ಹೆಚ್ಚು ಮಾತಾಡುವವರಿಲ್ಲ. ಮಿಕ್ಸಿ ಜಾರ್ ತುಂಬ ಗಿಣ್ಣು ಹೊತ್ತು ವಾಪಸಾಯಿತು. ಆದರೆ ನಿಲ್ಲಿಸಿದರೆ ನಿಲ್ಲಲೇ ಇಲ್ಲ. ಪ್ಲಗ್ಗು ಕಿತ್ತರೂ ಗೊಣಗುತ್ತಿತ್ತು. ರುದ್ರಮ್ಮನ ಮಾತು ಮುಗಿದರೆ ತಾನೇ ಮುಗಿದ ಮೇಲೆ ಇನ್ನೊಂದು ಬರುವುದು? ಆಕೆಯದು ಮುಗಿಯುವ ಬಾಬತ್ತೇ ಅಲ್ಲ. ಅದನ್ನು ಇಳಿಸಲು ಹರಿಕಥೆ ದಾಸರ ಮನೆಗೆ ಒಯ್ದ. ಅವರು ಮಂಗಳ ಹಾಡಿದ ಮೇಲೂ ಒಂದು ಉಪಕಥೆ ಹೇಳುವುದುಂಟು. ಅಲ್ಲಿಂದ ಬಂದ ಮಿಕ್ಸಿ ಗುಂಡಿ ತಿರುಗಿಸಿದರೆ ಮೊದಲು ಸಣ್ಣಗೆ ಶ್ರುತಿ ಹಿಡಿಯುತ್ತಿತ್ತು. ಆಮೇಲೆ ನಿಧಾನವಾಗಿ ಮೇಲೇರುತ್ತಿತ್ತು. ಚಟ್ನಿ ಅರ್ಧ ಅರೆದಾಗ ನಿಂತು, ಎಲ್ಲರೂ ಕೇಳುತ್ತಿದ್ದಾರೆಯೇ ಎಂದು ನೋಡಿಕೊಂಡ ಹಾಗೆ ಸುಮ್ಮನಿದ್ದು, ಮತ್ತೆ ಹೊರಡುತ್ತಿತ್ತು. ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ಹೋಯಿತು. ಕೊನೆಗೆ ಬೇಸತ್ತು, ದಿನಾ ಜಗಳವಾಡುವ ಗಂಡ ಹೆಂಡಿರ ಮನೆಗೆ ಬಿಟ್ಟ. ಕೊನೆಯ ಮಾತು ತಮ್ಮದೇ ಆಗಬೇಕೆಂದು ಹಟ ಹಿಡಿಯುವವರಲ್ಲವೇ ಎಂದು ಅವನ ಲೆಕ್ಕ. ಬಂದ ಮೇಲೆ ಕುಕ್ಕರು ಒಂದು ಕೂಗು ಹಾಕಿದರೆ ಮಿಕ್ಸಿ ಅದಕ್ಕೆ ಎದುರುತ್ತರ ಕೊಡಲು ಶುರು ಮಾಡಿತು. ಕುಕ್ಕರೂ ಸುಮ್ಮನಿರಲಿಲ್ಲ. ಅವತ್ತು ಅವರ ಮನೆಯ ಬೇಳೆ ಬೆಂದು ಪಾಯಸವಾಗಿತ್ತು.

ಪ್ರತಿ ಸಲವೂ ಶಾಂತರಾಜ ಮಿಕ್ಸಿಯನ್ನು ಸುಪ್ರಭೆಯ ಮುಂದಿಟ್ಟು ತಿರುಗಿಸುತ್ತಿದ್ದ. ಪ್ರತಿ ಸಲವೂ ಅವಳು ಕೊನೆಯವರೆಗೆ ಕೇಳಿ, ತಲೆಯಾಡಿಸಿ, ಒರಳಿನ ಕಡೆ ಹೋಗುತ್ತಿದ್ದಳು. ಅವಳು ಬೈಯದೆ ಇರುವುದೇ ಅವನಿಗೆ ದೊಡ್ಡ ಶಿಕ್ಷೆ. ಅಂಗಡಿಯಲ್ಲಿ ಸಲಹೆ ಕೇಳಲು ಬಂದವರಿಗೆ ಅವನ ವಿಳಾಸಗಳು ತಪ್ಪತೊಡಗಿದವು. ಗಡಿಯಾರ ಹಿಂದೆ ಬೀಳುತ್ತದೆ ಎಂದವರನ್ನು, ಯಾವಾಗಲೂ ಎಲ್ಲದಕ್ಕೂ ತಡವಾಗುವ ಬ್ಯಾಂಡು ಮೇಳದವರ ಮನೆಗೆ ಕಳಿಸಿಬಿಟ್ಟ. "ಈ ಊರಲ್ಲಿ ನಮ್ಮತ್ತೆ ಥರ ಮಾತಾಡೋರು ಒಬ್ಬರೂ ಇಲ್ಲ ಅಕ್ಕ" ಎಂದ ಒಂದು ದಿನ, ಮೇಜಿನ ಮೇಲೆ ತಲೆಯಿಟ್ಟು. "ಇದ್ದಾಗ ಸಾಕಪ್ಪಾ ಅನ್ನಿಸ್ತಿತ್ತು. ಈಗ ಊರೆಲ್ಲ ಹುಡುಕಿದರೂ ಅಂಥ ಒಂದು ಬಾಯಿ ಸಿಗ್ತಿಲ್ಲ." ಅಯ್ಯೋ ಪಾಪ ಎನ್ನಿಸಿತು ನನಗೆ. ಸಮಾಧಾನ ಮಾಡಿ ಹೊರಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಏನೋ ಕೂಗಿದ, ನನ್ನ ಕಾಫಿಪುಡಿಗೆ ಚಿಕೋರಿ ಜಾಸ್ತಿಯಾಗಿದೆ ಎಂದೋ ಏನೋ. ದಿನಾ ಕೇಳುವ ಮಾತು, ಕಿವಿಗೆ ಹಾಕಿಕೊಳ್ಳಲಿಲ್ಲ. ಕದ್ದು ಕೇಳುವುದರಲ್ಲಿ ಯಂತ್ರಕ್ಕೇ ಪಾಠ ಕಲಿಸಿದವಳು ನಾನು, ಆದರೂ ಹೊಳೆಯಲಿಲ್ಲ ನೋಡಿ.

ಒಂದು ಶನಿವಾರ ಮಧ್ಯಾಹ್ನ ಸುಪ್ರಭೆ ಗ್ರಂಥಾಲಯಕ್ಕೆ ಅರ್ಧ ದಿನ ರಜೆ ಹಾಕಿ ಅಂಗಡಿಗೆ ಬಂದಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಮಿಕ್ಸಿ. ಕೂಸಿಗೆ ಜ್ವರ ಬಂದಾಗ ಡಾಕ್ಟರ ಹತ್ತಿರ ತರುತ್ತಾರಲ್ಲ, ಹಾಗೆ ಹಿಡಿದುಕೊಂಡಿದ್ದಳು. ಒಳಗೆ ಗಿರಾಕಿಯೊಬ್ಬರಿದ್ದರು. ದರ್ಜಿ ಕೆಲಸದ ಹೆಂಗಸು, ಕೈಗೆ ಕಟ್ಟುವ ಹೊಸ ವಾಚು ತಂದಿದ್ದರು. ಅದು ಇಡೀ ದಿನ ಕೂತವರಿಗೂ ಮೈಲಿಗಟ್ಟಲೆ ನಡೆದಿದ್ದೀರಿ ಎಂದು ಹೇಳುತ್ತಿತ್ತು. ಸುಪ್ರಭೆ ಅವರ ಮಾತು ಮುಗಿಯುವವರೆಗೂ ಕಾಯಲಿಲ್ಲ. ಮಿಕ್ಸಿಯನ್ನು ಮೇಜಿನ ಮೇಲಿಟ್ಟು ತಗ್ಗಿದ ದನಿಯಲ್ಲಿ ಹೇಳಿದಳು. ನನ್ನ ಯಂತ್ರ ನಿಂತಿತು.

"ಇದನ್ನ ಯಾರಿಗಾದ್ರೂ ಮಾರಿಬಿಡಿ. ಅಡುಗೆಮನೇಲಿ ಕಣ್ಣಿಗೆ ಬಿದ್ರೆ ಸಂಕಟ ಆಗುತ್ತೆ. ನೀವು ಬೇಕು ಅಂತ ಮಾಡಿದ್ದಲ್ಲ, ಬಿಡಿ. ಇನ್ನು ಅಲೀಬೇಡಿ."

"ಸುಪ್ರಭೆ, ಇನ್ನೊಂದು ಮನೆ ಇದೆ, ನೋಡ್ತೀನಿ."

"ಬೇಡ ರೀ. ಅಮ್ಮ ಒಂದೇ ಸಲ ಹೋದ್ರು ಅಂದ್ಕೊಂಡಿದ್ದೆ. ನೀವು ಪ್ರತಿ ಸಲ ಇದನ್ನ ತಂದು ತಿರುಗಿಸಿದಾಗ್ಲೂ ಇನ್ನೊಂದು ಸಲ ಹೋಗ್ತಾರೆ."

ಶಾಂತರಾಜನ ಕಣ್ಣು ತುಂಬಿ ಬಂತು. ದರ್ಜಿಯಾಕೆ ತಾನು ಇರಬಾರದ ಹೊತ್ತಿನಲ್ಲಿ ಇದ್ದೇನೆ ಎಂದು ಸರಸರ ವಾಚು ಎತ್ತಿಕೊಂಡರು. ಅವನು ಅವರಿಗೆ ಹೇಳಬೇಕಾದ್ದನ್ನು ಹೇಗೋ ಹೇಳಿದ: ಜೋಯಿಸರ ಮನೆಗೆ ಬಿಡಿ, ಅವರು ಯಾವುದನ್ನೂ ಹೆಚ್ಚು ಮಾಡಿ ಹೇಳುವವರಲ್ಲ. ಕೈ ಮುಗಿದ. ಆಕೆ ಚಪ್ಪಲಿ ಮೆಟ್ಟಿ ಒಂದು ಕಾಲು ಬೀದಿಗಿಟ್ಟರು. ಮೂಗು ಒರೆಸಿಕೊಳ್ಳುತ್ತಿದ್ದ ಶಾಂತರಾಜ, ಪಾಪ, ಆ ಸಂಕಟದಲ್ಲೂ ತಲೆಯೆತ್ತಿದ.

"ಆಂ, ಇನ್ನೊಂದು ವಿಷಯ. ಹೋದ ಸಲ ನೀವು ಹೊಲಿದ ನಮ್ಮ ಶರ್ಟಿನ ತೋಳು ಒಂದು ಗಿಡ್ಡ, ಒಂದು ಉದ್ದ. ಬೇಜಾರ್ ಮಾಡ್ಕೋಬೇಡಿ, ಹೇಳ್ದೆ ಅಷ್ಟೆ."

ದರ್ಜಿಯಾಕೆ ಎಂದಿನ ಹಾಗೆ ಇಸಿದುಕೊಂಡು ಹೋದರು. ಸುಪ್ರಭೆ ಮಾತ್ರ ಅಲ್ಲೇ ನಿಂತಳು. ಗಂಡನ ಮುಖವನ್ನೇ ನೋಡಿದಳು, ಮೊದಲ ಸಲ ನೋಡುವವಳ ಹಾಗೆ. ಆಮೇಲೆ ನಿಧಾನವಾಗಿ, ಎರಡು ಅಂಗಡಿಗಳ ನಡುವಿನ ತಡಿಕೆಯ ಸಂದಿಯಲ್ಲಿದ್ದ ನನ್ನ ಕಣ್ಣಿನ ಕಡೆ ತಿರುಗಿದಳು. ನಾನು ಅಡಗಿಕೊಳ್ಳಲಿಲ್ಲ, ಪ್ರಯೋಜನವೂ ಇರಲಿಲ್ಲ.

"ಅಕ್ಕ, ಇವರು ದಿನಾ ಹಿಂಗೇನಾ?"

"ಊರಿಗೆಲ್ಲ ಹಿಂಗೇ ಕಣಮ್ಮ" ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಮೈಯೂ ಜುಮ್ಮೆಂದಿತು.

"ಏನು ಹಿಂಗೆ? ನಾನೇನು ಮಾಡ್ದೆ?" ಎಂದು ಶಾಂತರಾಜ ಇಬ್ಬರನ್ನೂ ನೋಡಿದ.

ಸುಪ್ರಭೆಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. "ನಮ್ಮಮ್ಮನ ಮನೇಲಿ ಅಷ್ಟು ವರ್ಷ ಬಿಡಾರ ಇದ್ದದ್ದು ಮಿಕ್ಸಿ ಒಂದೇನಾ ಅಕ್ಕ?" ಎಂದಳು.

ಕೊಸರಿನ ಬಗ್ಗೆ ತುಟಿ ಬಿಚ್ಚಬಾರದು ಎನ್ನುವ ಪದ್ಧತಿ ಮುರಿದದ್ದು ಅವತ್ತೇ. ಆದರೆ ಆ ಪದ್ಧತಿ ಇರುವುದು ಯಂತ್ರಗಳಿಗೆ. ಅಳಿಯಂದಿರ ವಿಷಯದಲ್ಲಿ ಯಾರೂ ಏನೂ ಹೇಳಿಲ್ಲ.

ಮಿಕ್ಸಿ ಮಾರುವ ಮಾತು ಅಲ್ಲಿಗೆ ಬಿದ್ದುಹೋಯಿತು. "ಇದು ಇಲ್ಲೇ ಇರ್ಲಿ, ನಿಮ್ಮ ಮೇಜಿನ ಮೇಲೆ" ಎಂದಳು. ಶಾಂತರಾಜನಿಗೆ ಅರ್ಥವಾಗಲಿಲ್ಲ. "ಇಲ್ಯಾಕೆ? ಇಲ್ಲಿ ಇರೋನು ನಾನೊಬ್ಬ. ನಾನು ಮಿತಭಾಷಿ, ನನ್ನಿಂದ ಅದೇನು ಕಲಿಯುತ್ತೆ?" ಎಂದು ವಾದಿಸಿದ. ನಾನು ಬೀಜದ ಚೀಲಗಳ ಹಿಂದೆ ಹೋಗಿ ನಕ್ಕು ಬಂದೆ. ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿಬಿಟ್ಟರೆ ಎಲ್ಲಿ ನಾಚಿಕೊಂಡು ನಿಲ್ಲಿಸಿಬಿಡುತ್ತಾನೋ ಎಂದು ಇಬ್ಬರಿಗೂ ಭಯ.

ಮಿಕ್ಸಿ ಮೇಜಿನ ಮೇಲೆ ಕೂತು, ಬಂದವರಿಗೆಲ್ಲ ಸಿಗುವ ಸಲಹೆ ಕೇಳಿಸಿಕೊಂಡಿತು. ನಾನು ನನ್ನ ಕಡೆಯಿಂದ ಗಿರಾಕಿಗಳನ್ನು ಅಲ್ಲಿಗೂ ತಳ್ಳುತ್ತಿದ್ದೆ. ಫೋನು ಸರಿಯಿದ್ದವರೂ ನನ್ನ ಬಲವಂತಕ್ಕೆ ಒಂದು ಪ್ರಶ್ನೆ ಕೇಳಿ, ಮೆಟ್ಟಿಲಿಳಿಯುವಾಗ ಬೇಕೆಂದೇ ನಿಧಾನ ಮಾಡಿ, ಶಾಂತರಾಜನ ಕೊನೆಯ ಮಾತನ್ನು ಪಡೆದು ಹೋದರು. ವ್ಯಾಪಾರ ಇಷ್ಟು ಚುರುಕಾದದ್ದು ಯಾಕೆಂದು ಅವನಿಗೆ ಆಶ್ಚರ್ಯ. ಊರಿಗೆ ಬೇಕಾದ್ದು ತನ್ನ ಸಲಹೆಯಲ್ಲ, ಅದರ ಬಾಲ ಎಂದು ಅವನಿಗೆ ಈಗಲೂ ಗೊತ್ತಿಲ್ಲ.

ಸುಪ್ರಭೆ ರಜೆಯ ದಿನ ಮತ್ತೆ ಬಂದಳು. ಡಬ್ಬಿಯಲ್ಲಿ ತುರಿದ ಕಾಯಿ, ಹುರಿಗಡಲೆ, ಮೆಣಸಿನಕಾಯಿ, ಉಪ್ಪು. ಅಂಗಡಿಯ ಪ್ಲಗ್ಗಿಗೇ ಹಾಕಿ ಅರೆದಳು. ನನ್ನ ಯಂತ್ರ ಆಗಲೇ ನಿಂತು ಕಾಯುತ್ತಿತ್ತು. ಚಟ್ನಿ ನುಣ್ಣಗಾಯಿತು. ಗುಂಡಿ ತಿರುಗಿಸಿದಳು. ಮಿಕ್ಸಿ ನಿಂತಿತು. ಅವಳು ಮುಚ್ಚಳ ಮುಟ್ಟದೆ ಕೈ ಕಟ್ಟಿದಳು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಅದರ ಬೆಲ್ಲಿಗೂ ನನಗೆ ಸಿಟ್ಟು ಬಂತು.

ಗುರ್.

"ಸರಿ ಅತ್ತೆ" ಎಂದ ಶಾಂತರಾಜ, ರಿಪೇರಿ ಮಾಡುತ್ತಿದ್ದ ಫೋನಿನಿಂದ ತಲೆಯೆತ್ತದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಸುಪ್ರಭೆ ಚಟ್ನಿ ಡಬ್ಬಿಗೆ ಸುರಿದು, ಅವನ ಬಾಯಿಗೂ ಒಂದು ಬೆರಳು ಚಟ್ನಿ ಇಟ್ಟು, ಕಡಲೆ ಅಂಟಿದ ಜಾರ್ ಒರೆಸಿದಳು. ಬಿಡಾರದಿಂದ ಬರಿದಾಗಿ ಕಳಿಸಬಾರದಲ್ಲ, ಶಾಂತರಾಜ ಓಡಿ ಬಂದು ನನ್ನ ಹತ್ತಿರ ಒಂದು ಹಿಡಿ ಕಾಫಿಬೀಜ ಇಸಿದುಕೊಂಡು ಹೋಗಿ ಜಾರಿಗೆ ಹಾಕಿದ. ಅವಳು ಮಿಕ್ಸಿಯನ್ನು ಕಂಕುಳಿಗೆ ಏರಿಸಿ, ಚಪ್ಪಲಿ ಮೆಟ್ಟಿ, ಒಂದು ಕಾಲು ಬೀದಿಗಿಟ್ಟಳು. ಅಲ್ಲೇ ನಿಂತಳು. ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

"ಆಂ, ಇನ್ನೊಂದು ವಿಷಯ" ಎಂದ ಶಾಂತರಾಜ ಒಳಗಿಂದ. "ಉಪ್ಪು ಸ್ವಲ್ಪ ಮುಂದಾಗಿದೆ. ಬೇಜಾರ್ ಮಾಡ್ಕೋಬೇಡ, ಹೇಳ್ದೆ ಅಷ್ಟೆ."

"ಆಯ್ತು ಕಣಮ್ಮ" ಎಂದಳು ಸುಪ್ರಭೆ, ಹಿಂದೆ ತಿರುಗದೆ, ಮತ್ತು ಮನೆಯ ಕಡೆ ನಡೆದಳು.

ನನ್ನ ಯಂತ್ರ ಅವತ್ತು ಮತ್ತೆ ಹೊರಡಲು ಬಹಳ ಹೊತ್ತು ಹಿಡಿಯಿತು.